ಸಂಸತ್ತಿನ ಮಸೂದೆಯನ್ನು ಓದಿ ಸರಳ ಕನ್ನಡದಲ್ಲಿ ವಿವರಿಸುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಹೊಸ ಮಸೂದೆ ಲೋಕಸಭೆಯಲ್ಲಿ ಮಂಡನೆಯಾದ ಸಂಜೆಯೇ ಅದರ ‘ಸರಳ ವಿವರಣೆ’ಗಳು ಫೋನಿಂದ ಫೋನಿಗೆ ಓಡಾಡತೊಡಗುತ್ತವೆ. ಅವು ಎಡವುವುದು ಬಹುತೇಕ ಒಂದೇ ಜಾಗದಲ್ಲಿ. ಬರೆದವರು ಮಸೂದೆಯ ಉದ್ದೇಶ ಓದಿರುತ್ತಾರೆ, ಕ್ರಿಯಾಪದ ಓದಿರುವುದಿಲ್ಲ. ಯಾರು ಮಾಡಬೇಕು, ಏನು ಮಾಡಬೇಕು, ಯಾವಾಗ ಮಾಡಬೇಕು, ಮಾಡದಿದ್ದರೆ ಏನಾಗುತ್ತದೆ ಎಂಬ ನಾಲ್ಕು ಮಾತಿನಿಂದಲೇ ಕಾನೂನು ಜನರನ್ನು ಮುಟ್ಟುವುದು. ಆ ನಾಲ್ಕು ಮಾತು ಮುನ್ನುಡಿಯಲ್ಲಿ ಸಿಗುವುದಿಲ್ಲ.

ವಕೀಲರಲ್ಲದವರು, ಅಂದರೆ ಶಿಕ್ಷಕರು, ಸಂಘದ ಕಾರ್ಯದರ್ಶಿಗಳು, ಪಂಚಾಯಿತಿ ಸದಸ್ಯರು, ಊರಿನ ವರದಿಗಾರರು, ಕೇಂದ್ರದ ಒಂದು ಮಸೂದೆಯನ್ನು ಓದಿ ಎರಡು ಪುಟದ ನಂಬಬಹುದಾದ ವಿವರಣೆ ಬರೆಯಲು ಬೇಕಾದ ಕ್ರಮ ಇಲ್ಲಿದೆ. ಕ್ರಮ ಬದಲಿಸಬೇಡಿ. ಮೊದಲ ಪುಟದಿಂದ ಕಾದಂಬರಿಯಂತೆ ಓದಲು ಕೂತವರು ಸಾಮಾನ್ಯವಾಗಿ ವ್ಯಾಖ್ಯಾನಗಳ ಕಲಮಿನಲ್ಲೇ ಸುಸ್ತಾಗಿ ಪತ್ರಿಕೆಯ ಸುದ್ದಿಗೆ ಮರಳುತ್ತಾರೆ.

## ಕೂರುವ ಮೊದಲು ಬೇಕಾದವು

ಮೊದಲನೆಯದು ಮಸೂದೆಯ ಮೂಲ ಪಿಡಿಎಫ್. ಸಂಸತ್ತಿನ ಜಾಲತಾಣವಾದ ‘ಸಂಸದ್’ನ (sansad.in) ಶಾಸನ ವಿಭಾಗದಲ್ಲಿ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಸಿಗುತ್ತದೆ. ಸಂವಿಧಾನದ 348ನೇ ವಿಧಿಯ ಪ್ರಕಾರ ಇಂಗ್ಲಿಷ್ ಪಠ್ಯವೇ ಅಧಿಕೃತ. ಹಾಗಾಗಿ ಸಂಶಯ ಬಂದಾಗಲೆಲ್ಲ ಅದಕ್ಕೇ ಮರಳಬೇಕು.

ಎರಡನೆಯದು, ಮಸೂದೆ ತಿದ್ದಲು ಹೊರಟಿರುವ ಹಳೆಯ ಕಾಯ್ದೆ. ಇಂಡಿಯಾ ಕೋಡ್ ಜಾಲತಾಣದಲ್ಲಿ ಕೇಂದ್ರದ ಕಾಯ್ದೆಗಳು ತಿದ್ದುಪಡಿ ಸೇರಿಸಿದ ರೂಪದಲ್ಲಿ ಇರುತ್ತವೆ. ಪುಸ್ತಕದಂಗಡಿಯ ಹಳೆಯ ಮುದ್ರಣ ನಂಬಿದರೆ ನಾಲ್ಕು ತಿದ್ದುಪಡಿ ಹಿಂದಿನ ಪಠ್ಯದ ಮೇಲೆ ಹೊಸದನ್ನು ಅಂಟಿಸಿದಂತಾಗುತ್ತದೆ.

ಮೂರನೆಯದು ಐದು ಕಾಲಂ ಎಳೆದ ಕಾಗದ ಅಥವಾ ಸ್ಪ್ರೆಡ್‌ಶೀಟ್. ಜೊತೆಗೆ ಎರಡು ಬಣ್ಣದ ಪೆನ್ನು. ಸಂಸತ್ತಿನ ಕೆಲಸವನ್ನು ಅಧ್ಯಯನ ಮಾಡುವ ಪಿಆರ್‌ಎಸ್ ಲೆಜಿಸ್ಲೇಟಿವ್ ರಿಸರ್ಚ್ ಎಂಬ ಸಂಸ್ಥೆ ಪ್ರಕಟಿಸುವ ಮಸೂದೆ ಸಾರಾಂಶಗಳು ಉಪಯುಕ್ತ, ಆದರೆ ಅವನ್ನು ನಿಮ್ಮ ಕರಡು ಮುಗಿದ ಮೇಲೆ ತಾಳೆ ನೋಡಲು ಇಟ್ಟುಕೊಳ್ಳಿ. ಮೊದಲೇ ಓದಿದರೆ ಅವರು ಬಿಟ್ಟದ್ದನ್ನು ನೀವೂ ಬಿಡುತ್ತೀರಿ.

## ಹಂತ 1: ಕೈಯಲ್ಲಿರುವ ಕಾಗದ ಯಾವುದೆಂದು ಗುರುತಿಸಿ

ಒಂದೇ ಹೆಸರಿನ ಐದಾರು ಕಾಗದಗಳು ಏಕಕಾಲಕ್ಕೆ ಚಲಾವಣೆಯಲ್ಲಿರುತ್ತವೆ: ಸಚಿವಾಲಯದ ಕರಡು, ಮಂಡಿಸಿದ ಮಸೂದೆ, ಸಮಿತಿ ತಿದ್ದಿದ ಮಸೂದೆ, ಲೋಕಸಭೆ ಅಂಗೀಕರಿಸಿದ ಮಸೂದೆ, ರಾಷ್ಟ್ರಪತಿ ಅಂಕಿತ ಬಿದ್ದ ಕಾಯ್ದೆ. ಮುಖಪುಟದ ಮೇಲ್ಭಾಗದಲ್ಲಿ ‘ಲೋಕಸಭೆಯಲ್ಲಿ ಮಂಡಿಸಿದಂತೆ’ ಅಥವಾ ‘ಲೋಕಸಭೆ ಅಂಗೀಕರಿಸಿದಂತೆ’ ಎಂಬ ಅರ್ಥದ ಸಾಲು ಮತ್ತು ಮಸೂದೆ ಸಂಖ್ಯೆ ಇರುತ್ತವೆ. ಎರಡನ್ನೂ ನಿಮ್ಮ ವಿವರಣೆಯ ಮೊದಲ ಸಾಲಿನಲ್ಲಿ ದಿನಾಂಕದೊಂದಿಗೆ ಬರೆಯಿರಿ.

ಇದು ಬರೀ ಶಿಸ್ತಿನ ಮಾತಲ್ಲ. ಹಳೆಯ ದಂಡ ಸಂಹಿತೆಯ (ಐಪಿಸಿ) ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯ ಮೊದಲ ಮಸೂದೆ 2023ರ ಆಗಸ್ಟ್ 11ರಂದು ಮಂಡನೆಯಾಯಿತು. ಸಂಸತ್ತಿನ ಸ್ಥಾಯಿ ಸಮಿತಿ ನೋಡಿದ ಮೇಲೆ ಸರ್ಕಾರ ಅದನ್ನು ಹಿಂಪಡೆದು ಡಿಸೆಂಬರ್ 12ರಂದು ‘ಎರಡನೇ’ ಮಸೂದೆ ತಂದಿತು. ಮೊದಲನೆಯದರಲ್ಲಿ 356 ಕಲಂ, ಎರಡನೆಯದರಲ್ಲಿ 358. ನಿರ್ಲಕ್ಷ್ಯದಿಂದ ಸಾವು ತರುವ ಅಪರಾಧ ಮೊದಲಿಗೆ 104ನೇ ಕಲಮಿನಲ್ಲಿತ್ತು, ಆಮೇಲೆ 106ಕ್ಕೆ ಹೋಯಿತು. ಆಗಸ್ಟ್‌ನಲ್ಲಿ ಬರೆದ ವಿವರಣೆಯನ್ನು ಡಿಸೆಂಬರ್‌ನಲ್ಲಿ ಹಂಚಿದವರು ತಪ್ಪು ಸಂಖ್ಯೆ ಹಂಚಿದರು. ಆದಾಯ ತೆರಿಗೆ ಮಸೂದೆಗೂ ಹೀಗೇ ಆಯಿತು: 2025ರ ಫೆಬ್ರವರಿಯಲ್ಲಿ ಮಂಡಿಸಿದ್ದನ್ನು ಆಗಸ್ಟ್‌ನಲ್ಲಿ ಹಿಂಪಡೆದು, ಕೆಲವೇ ದಿನಗಳಲ್ಲಿ ‘ಸಂಖ್ಯೆ 2’ ಎಂಬ ಹೊಸ ಮಸೂದೆ ತಂದರು.

ಸಂವಿಧಾನ ತಿದ್ದುಪಡಿಗಳಲ್ಲಿ ಇನ್ನೊಂದು ಗುಂಡಿ ಇದೆ. ಮಸೂದೆಯ ಸಂಖ್ಯೆಯೂ ಕಾಯ್ದೆಯ ಸಂಖ್ಯೆಯೂ ಬೇರೆ ಬೇರೆ. ಜಿಎಸ್‌ಟಿ ತಂದದ್ದು 122ನೇ ತಿದ್ದುಪಡಿ ಮಸೂದೆ, ಅದು ಆದದ್ದು 101ನೇ ತಿದ್ದುಪಡಿ ಕಾಯ್ದೆ. ಮಹಿಳಾ ಮೀಸಲಾತಿಯದು 128ನೇ ಮಸೂದೆ, 106ನೇ ಕಾಯ್ದೆ.

ಎಚ್ಚರಿಕೆಯ ಗುರುತು: ಮಂಡಿಸಿದವರ ಹೆಸರು ಸಚಿವರದ್ದಲ್ಲದೆ ಬರೀ ಸಂಸದರದ್ದಾಗಿದ್ದರೆ ಅದು ಖಾಸಗಿ ಸದಸ್ಯರ ಮಸೂದೆ. ಇಂಥದ್ದೊಂದು ಕೊನೆಯ ಸಲ ಕಾಯ್ದೆಯಾದದ್ದು 1970ರಲ್ಲಿ. ‘ಹೊಸ ಕಾನೂನು ಬರುತ್ತಿದೆ’ ಎಂದು ಬರೆಯುವ ಮೊದಲು ಇದೊಂದನ್ನು ನೋಡಿಬಿಟ್ಟರೆ ಅರ್ಧ ಗಾಬರಿ ಅಲ್ಲೇ ಇಳಿಯುತ್ತದೆ.

## ಹಂತ 2: ಹಿಂದಿನ ಪುಟಗಳನ್ನು ಮೊದಲು ತೆರೆಯಿರಿ

ಕಲಮುಗಳು ಮುಗಿದ ಮೇಲೆ ಕೆಲವು ಟಿಪ್ಪಣಿಗಳು ಬರುತ್ತವೆ. ಉದ್ದೇಶ ಮತ್ತು ಕಾರಣಗಳ ಹೇಳಿಕೆಯಲ್ಲಿ ಸರ್ಕಾರ ತನ್ನ ಮಸೂದೆಯನ್ನು ಸಮರ್ಥಿಸಿಕೊಳ್ಳುತ್ತದೆ. ಒಮ್ಮೆ ಓದಿ ಮಡಚಿಡಿ. ಅದರ ಒಂದು ವಾಕ್ಯವನ್ನೂ ನಿಮ್ಮ ವಿವರಣೆಗೆ ನಕಲು ಮಾಡಬೇಡಿ. ಆ ಹೇಳಿಕೆ ಕಾನೂನಿನ ಭಾಗವಲ್ಲ.

ಅದರ ನಂತರದ ಎರಡು ಟಿಪ್ಪಣಿಗಳು ನಿಜವಾದ ಸರಕು. ಹಣಕಾಸು ಟಿಪ್ಪಣಿಯಲ್ಲಿ ಬೊಕ್ಕಸದಿಂದ ಎಷ್ಟು, ಯಾವುದಕ್ಕೆ ಖರ್ಚಾಗುತ್ತದೆ ಎಂದಿರುತ್ತದೆ. ಭವ್ಯ ಮಂಡಳಿಯೊಂದನ್ನು ಸ್ಥಾಪಿಸುವ ಮಸೂದೆಯಲ್ಲಿ ‘ಹೆಚ್ಚುವರಿ ಖರ್ಚಿಲ್ಲ’ ಎಂದಿದ್ದರೆ ಗುರುತು ಹಾಕಿಕೊಳ್ಳಿ. ಅಧಿಕಾರ ವಹಿಸಿಕೊಡುವ ಶಾಸನದ ಬಗೆಗಿನ ಟಿಪ್ಪಣಿಯಲ್ಲಿ, ಸಂಸತ್ತು ತಾನು ತೀರ್ಮಾನಿಸದೆ ಸರ್ಕಾರ ಮುಂದೆ ನಿಯಮ ಮಾಡಲಿ ಎಂದು ಬಿಟ್ಟ ವಿಷಯಗಳೆಲ್ಲ ಪಟ್ಟಿಯಾಗಿ ಸಿಗುತ್ತವೆ. ಈ ಪಟ್ಟಿಯನ್ನು ಹಾಗೇ ಇಳಿಸಿಕೊಂಡು ‘ಇನ್ನೂ ಗೊತ್ತಿಲ್ಲ’ ಎಂಬ ತಲೆಬರಹ ಕೊಡಿ. ನಿಮ್ಮ ವಿವರಣೆಯ ಕೊನೆಯ ಭಾಗ ಆಗಲೇ ಸಿದ್ಧವಾಯಿತು.

ತಿದ್ದುಪಡಿ ಮಸೂದೆಯಾದರೆ ಕಟ್ಟಕಡೆಗೆ ಅನುಬಂಧ ಇರುತ್ತದೆ. ತಿದ್ದಲಾಗುವ ಹಳೆಯ ಕಲಮುಗಳ ಪಠ್ಯ ಅದರಲ್ಲಿರುತ್ತದೆ. ಐದನೇ ಹಂತಕ್ಕೆ ಅದು ಬೇಕು.

## ಹಂತ 3: ಕಲಂ 1 — ಯಾವಾಗಿಂದ ಜಾರಿ?

ಕಲಂ 1ರಲ್ಲಿ ಹೆಸರು, ವ್ಯಾಪ್ತಿ, ಜಾರಿ ದಿನಾಂಕ ಇರುತ್ತವೆ. ಹೆಚ್ಚಿನ ಮಸೂದೆಗಳಲ್ಲಿ ದಿನಾಂಕದ ಬದಲು ‘ಕೇಂದ್ರ ಸರ್ಕಾರ ಅಧಿಸೂಚನೆಯ ಮೂಲಕ ಗೊತ್ತುಪಡಿಸುವ ದಿನ, ಬೇರೆ ಬೇರೆ ಉಪಬಂಧಗಳಿಗೆ ಬೇರೆ ಬೇರೆ ದಿನ’ ಎಂಬ ವಾಕ್ಯ ಇರುತ್ತದೆ. ಇದನ್ನು ಕಂಡೂ ಕಾಣದಂತೆ ದಾಟಿದವರು ‘ನಾಳೆಯಿಂದ ಹೊಸ ಕಾನೂನು’ ಎಂದು ಬರೆಯುತ್ತಾರೆ.

ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಗೆ (ಮುಂದೆ ‘ದತ್ತಾಂಶ ಕಾಯ್ದೆ’) ಅಂಕಿತ ಬಿದ್ದದ್ದು 2023ರ ಆಗಸ್ಟ್ 11ರಂದು. ನಿಯಮಗಳು ಬಂದದ್ದು 2025ರ ನವೆಂಬರ್‌ನಲ್ಲಿ. ಆಗಲೂ ಕೆಲವು ಕಲಂ ತಕ್ಷಣ, ಕೆಲವು ಒಂದು ವರ್ಷದ ಮೇಲೆ, ಉಳಿದ ಬಹುಪಾಲು 18 ತಿಂಗಳ ಮೇಲೆ ಜಾರಿ ಎಂದು ಮೂರು ಗಡುವು ಕೊಟ್ಟರು. ನ್ಯಾಯ ಸಂಹಿತೆ 2024ರ ಜುಲೈ 1ರಿಂದ ಜಾರಿಯಾದಾಗ ಅಧಿಸೂಚನೆಯಲ್ಲಿ 106ನೇ ಕಲಮಿನ 2ನೇ ಉಪಕಲಮನ್ನು ಮಾತ್ರ ಕೈಬಿಟ್ಟಿದ್ದರು. ಅಪಘಾತ ಮಾಡಿ ಪರಾರಿಯಾಗುವ ಚಾಲಕರ ಶಿಕ್ಷೆ ಇದ್ದದ್ದು ಅದರಲ್ಲೇ, ಅಂದರೆ ಆ ವರ್ಷದ ಜನವರಿಯಲ್ಲಿ ಲಾರಿ ಚಾಲಕರು ಮುಷ್ಕರ ಹೂಡಿದ್ದ ಅದೇ ವಿಷಯ.

ದಿನಾಂಕವನ್ನು ಕಲಂ 1ರಲ್ಲಿ ಹುಡುಕಿ ನಿಲ್ಲಬೇಡಿ. ಕೆಲವು ಮಸೂದೆಗಳು ಜಾರಿಯ ಷರತ್ತನ್ನು ಒಳಗಿನ ಕಲಮಿನಲ್ಲಿ ಇಡುತ್ತವೆ. ಮಹಿಳಾ ಮೀಸಲಾತಿಯ 2023ರ ತಿದ್ದುಪಡಿ, ಮೀಸಲಾತಿಯನ್ನು ಮುಂದಿನ ಜನಗಣತಿ ಮತ್ತು ಅದರ ಆಧಾರದ ಕ್ಷೇತ್ರ ಪುನರ್ವಿಂಗಡಣೆಗೆ ಕಟ್ಟಿಹಾಕಿದ್ದು 334ಎ ವಿಧಿಯ ಮೂಲಕ. ಶೀರ್ಷಿಕೆ ನೋಡಿ ಅದು ಯಾರಿಗೂ ಹೊಳೆಯುವಂತಿರಲಿಲ್ಲ.

## ಹಂತ 4: ವ್ಯಾಖ್ಯಾನಗಳನ್ನು ಸೋಸಿ, ಎಲ್ಲವನ್ನೂ ಓದಬೇಡಿ

ಕಲಂ 2ರಲ್ಲಿ ಇಪ್ಪತ್ತು ಮೂವತ್ತು ಪದಗಳ ಅರ್ಥ ಇರುತ್ತದೆ. ‘ಮಂಡಳಿ ಎಂದರೆ ಕಲಂ ಇಂತಿಷ್ಟರ ಮಂಡಳಿ’ ಎಂಬಂಥವನ್ನು ಬಿಡಿ. ಮಾಮೂಲಿ ಮಾತಿಗೆ ಮಾಮೂಲಿಯಲ್ಲದ ಅರ್ಥ ಕೊಟ್ಟಲ್ಲಿ ಮಾತ್ರ ನಿಲ್ಲಿ.

ದತ್ತಾಂಶ ಕಾಯ್ದೆಯಲ್ಲಿ ‘ಮಗು’ ಎಂದರೆ 18 ವರ್ಷ ತುಂಬದವರು. ದ್ವಿತೀಯ ಪಿಯುಸಿ ಹುಡುಗಿಯನ್ನು ಮನೆಯಲ್ಲಿ ಯಾರೂ ಮಗು ಎನ್ನುವುದಿಲ್ಲ, ಕಾಯ್ದೆ ಎನ್ನುತ್ತದೆ. ಅವಳ ಮಾಹಿತಿ ಬಳಸಲು ತಂದೆತಾಯಿಯ ಒಪ್ಪಿಗೆ ಬೇಕಾಗುವುದು ಈ ಒಂದು ಸಾಲಿನಿಂದ. 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆಯಲ್ಲಿ ‘ಆನ್‌ಲೈನ್ ಹಣದ ಆಟ’ದ ವ್ಯಾಖ್ಯಾನದಲ್ಲೇ ‘ಕೌಶಲದ್ದಾಗಲಿ, ಅದೃಷ್ಟದ್ದಾಗಲಿ, ಎರಡೂ ಆಗಲಿ’ ಎಂದಿದೆ. ‘ರಮ್ಮಿ ಕೌಶಲದ ಆಟ, ಅದಕ್ಕೆ ಇದು ಅನ್ವಯಿಸದು’ ಎಂಬ ವಾದಕ್ಕೆ ವ್ಯಾಖ್ಯಾನವೇ ಬಾಗಿಲು ಹಾಕಿತ್ತು.

ವ್ಯಾಖ್ಯಾನದಲ್ಲಿ ‘ಎಂದರೆ’ ಇದೆಯೋ ‘ಒಳಗೊಳ್ಳುತ್ತದೆ’ ಇದೆಯೋ ನೋಡಿ. ‘ಎಂದರೆ’ ಇದ್ದರೆ ಪಟ್ಟಿ ಅಲ್ಲಿಗೆ ಮುಗಿಯಿತು. ‘ಒಳಗೊಳ್ಳುತ್ತದೆ’ ಇದ್ದರೆ ಪಟ್ಟಿಯ ಹೊರಗಿನದ್ದೂ ಸೇರಬಹುದು.

## ಹಂತ 5: ತಿದ್ದುಪಡಿಯನ್ನು ಹಳೆಯ ಪಠ್ಯಕ್ಕೆ ಅಂಟಿಸಿ

ಹೆಚ್ಚು ಜನ ಕೈಚೆಲ್ಲುವುದು ಇಲ್ಲಿ. ತಿದ್ದುಪಡಿ ಮಸೂದೆಯನ್ನು ಅದಷ್ಟನ್ನೇ ಓದಿದರೆ ಏನೂ ತಿಳಿಯುವುದಿಲ್ಲ. ‘ಮೂಲ ಕಾಯ್ದೆಯ ಇಂತಹ ಕಲಮಿನಲ್ಲಿ ಇಂತಹ ಪದಗಳಿಗೆ ಬದಲಾಗಿ ಇಂತಹ ಪದಗಳನ್ನು ಪ್ರತಿಯೋಜಿಸತಕ್ಕದ್ದು’ ಎಂದಷ್ಟೇ ಇರುತ್ತದೆ. ಕೆಲಸ ಹೀಗೆ ಮಾಡಿ:

1. ಅನುಬಂಧದಿಂದ ಅಥವಾ ಇಂಡಿಯಾ ಕೋಡ್‌ನಿಂದ ಹಳೆಯ ಕಲಮನ್ನು ಪೂರ್ತಿ ಪ್ರತಿ ಮಾಡಿ. ತುಂಡು ತುಂಡಾಗಿ ಬೇಡ.
2. ಕೈಬಿಟ್ಟ ಪದಗಳನ್ನು ಕೆಂಪಿನಲ್ಲಿ ಹೊಡೆದುಹಾಕಿ. ಅಳಿಸಬೇಡಿ, ಕಾಣುತ್ತಿರಲಿ.
3. ಹೊಸ ಪದಗಳನ್ನು ನೀಲಿಯಲ್ಲಿ ಸೇರಿಸಿ.
4. ನೀಲಿ ಮತ್ತು ಉಳಿದ ಕಪ್ಪು ಸೇರಿಸಿ ಗಟ್ಟಿಯಾಗಿ ಓದಿ. ಇದು ಹೊಸ ಕಾನೂನು.
5. ಕೆಂಪನ್ನು ಮಾತ್ರ ಮತ್ತೊಮ್ಮೆ ಓದಿ. ಇದು ಜನ ಕಳೆದುಕೊಂಡದ್ದು ಅಥವಾ ಜನರ ಮೇಲಿನಿಂದ ಇಳಿದದ್ದು.

ಐದನೆಯದನ್ನು ಬಿಡುವವರೇ ಹೆಚ್ಚು. ದತ್ತಾಂಶ ಮಸೂದೆಯ ಕಟ್ಟಕಡೆಯ ಕಲಂ 44ರ 3ನೇ ಉಪಕಲಂ ತೆಗೆದುಕೊಳ್ಳಿ. ಅದು ಮುಟ್ಟಿದ್ದು ಮಾಹಿತಿ ಹಕ್ಕು ಕಾಯ್ದೆ, 2005ರ 8(1)(ಜೆ) ಕಲಮನ್ನು. ಅದರ ಹೊಸ ಪಠ್ಯ ಇಷ್ಟೇ: ‘ವೈಯಕ್ತಿಕ ಮಾಹಿತಿಗೆ ಸಂಬಂಧಿಸಿದ ಮಾಹಿತಿ.’ ಓದಿದರೆ ನಿರಪಾಯ ಅನ್ನಿಸುತ್ತದೆ. ಕೆಂಪಿನಲ್ಲಿ ಹೊಡೆದದ್ದನ್ನು ಓದಿ: ಸಾರ್ವಜನಿಕ ಚಟುವಟಿಕೆಗೆ ಸಂಬಂಧವಿಲ್ಲದ ಅಥವಾ ಖಾಸಗಿತನಕ್ಕೆ ಅನಗತ್ಯ ಧಕ್ಕೆ ತರುವ ವೈಯಕ್ತಿಕ ಮಾಹಿತಿಯನ್ನು ಮಾತ್ರ ನಿರಾಕರಿಸಬಹುದು ಎಂಬ ಮಿತಿ, ವಿಶಾಲ ಸಾರ್ವಜನಿಕ ಹಿತಕ್ಕಾಗಿ ಕೊಡಬಹುದು ಎಂಬ ಮಾತು, ಸಂಸತ್ತಿಗೋ ರಾಜ್ಯ ಶಾಸಕಾಂಗಕ್ಕೋ ನಿರಾಕರಿಸಲಾಗದ್ದನ್ನು ಯಾವ ವ್ಯಕ್ತಿಗೂ ನಿರಾಕರಿಸುವಂತಿಲ್ಲ ಎಂಬ ಪರಂತುಕ (‘ಪರಂತು’ ಎಂದು ಶುರುವಾಗುವ ವಾಕ್ಯ). ಮೂರೂ ಹೋದವು. ಮಾಹಿತಿ ಹಕ್ಕು ಅರ್ಜಿ ಹಾಕುವ ಊರಿನವರಿಗೆ ಆ 44 ಕಲಮುಗಳಲ್ಲಿ ಅತಿ ಮುಖ್ಯವಾದದ್ದು ಇದು, ಅದೂ ಫೋನು ಮತ್ತು ಆ್ಯಪ್ ಕುರಿತ ಮಸೂದೆಯ ಬಾಲದಲ್ಲಿ.

ಇಲ್ಲಿ ಇನ್ನೊಂದು ತಪ್ಪೂ ನಡೆಯಿತು. ಕೆಂಪು ಕಂಡೊಡನೆ ‘ಸಾರ್ವಜನಿಕ ಹಿತದ ದಾರಿ ಪೂರ್ತಿ ಮುಚ್ಚಿತು’ ಎಂದು ಕೆಲವರು ಬರೆದರು. ಮಾಹಿತಿ ಹಕ್ಕು ಕಾಯ್ದೆಯ 8(2)ರಲ್ಲಿ ಸಾರ್ವಜನಿಕ ಹಿತ ಹೆಚ್ಚಿನದ್ದಾದರೆ ಮಾಹಿತಿ ಕೊಡಬಹುದು ಎಂಬ ಸಾಮಾನ್ಯ ಅವಕಾಶ ಹಾಗೇ ಉಳಿದಿದೆ. ಹಳೆಯ ಕಲಮನ್ನು ಪೂರ್ತಿ ಪ್ರತಿ ಮಾಡಿ ಎಂದದ್ದು ಇದಕ್ಕೇ.

ಅದೇ 44ರ 2ನೇ ಉಪಕಲಂ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ಎ ಕಲಮನ್ನು ಕೈಬಿಡಬೇಕೆಂದಿತು. ಕಂಪನಿಯ ನಿರ್ಲಕ್ಷ್ಯದಿಂದ ಮಾಹಿತಿ ಸೋರಿ ನಷ್ಟವಾದರೆ ಪರಿಹಾರ ಕೇಳುವ ದಾರಿ ಇದ್ದದ್ದು ಅದರಲ್ಲಿ. ಹೀಗಾಗಿ ಒಂದು ನಿಯಮ ಇಟ್ಟುಕೊಳ್ಳಿ: ಮಸೂದೆಯ ಕೊನೆಯ ಐದು ಕಲಂ ಮತ್ತು ಎಲ್ಲ ಅನುಸೂಚಿಗಳನ್ನು ಓದದೆ ಒಂದು ಸಾಲೂ ಬರೆಯಬೇಡಿ.

## ಹಂತ 6: ಕ್ರಿಯಾಪದಗಳ ಪಟ್ಟಿ

ಈಗ ಐದು ಕಾಲಂ ತುಂಬಿ: ಯಾರು, ಮಾಡಲೇಬೇಕೋ ಮಾಡಬಹುದೋ, ಏನನ್ನು, ಎಷ್ಟರೊಳಗೆ, ತಪ್ಪಿದರೆ ಏನು. ಪ್ರತಿ ಕಲಮಿಗೂ ಒಂದು ಸಾಲು. ಸಾಲು ತುಂಬಲಾಗದ ಕಲಂ ಇದ್ದರೆ ಅದು ಘೋಷಣೆ. ವಿವರಣೆಯಲ್ಲಿ ಅದಕ್ಕೆ ಜಾಗ ಬೇಡ.

ಕರ್ತೃವನ್ನು ತಪ್ಪಿದರೆ ಎಲ್ಲವೂ ತಪ್ಪುತ್ತದೆ. ಆನ್‌ಲೈನ್ ಗೇಮಿಂಗ್ ಮಸೂದೆ 2025ರ ಆಗಸ್ಟ್ 20ರಂದು ಮಂಡನೆಯಾಗಿ ಅದೇ ದಿನ ಲೋಕಸಭೆಯಲ್ಲಿ, ಮರುದಿನ ರಾಜ್ಯಸಭೆಯಲ್ಲಿ ಅಂಗೀಕಾರವಾಯಿತು. 22ರಂದು ಅಂಕಿತವೂ ಬಿತ್ತು. ‘ಆಡಿದರೆ ಜೈಲು’ ಎಂಬ ಸಂದೇಶ ಅದಕ್ಕಿಂತ ವೇಗವಾಗಿ ಓಡಿತು. ಪಠ್ಯದಲ್ಲಿ ನಿಷೇಧದ ಕರ್ತೃ ಆಟ ‘ಒದಗಿಸುವವರು’, ಅದಕ್ಕೆ ನೆರವಾಗುವವರು, ಜಾಹೀರಾತು ಕೊಡುವವರು, ಹಣ ದಾಟಿಸುವವರು. ಪಟ್ಟಿ ಹೀಗಾಗುತ್ತದೆ:

- ಹಣದ ಆಟ ಒದಗಿಸುವವರು: ಒದಗಿಸಕೂಡದು. ತಪ್ಪಿದರೆ 3 ವರ್ಷದವರೆಗೆ ಜೈಲು, ಅಥವಾ 1 ಕೋಟಿ ರೂಪಾಯಿವರೆಗೆ ದಂಡ, ಅಥವಾ ಎರಡೂ.
- ಜಾಹೀರಾತು ಕೊಡುವವರು: ಕೊಡಕೂಡದು. ತಪ್ಪಿದರೆ 2 ವರ್ಷದವರೆಗೆ ಜೈಲು, ಅಥವಾ 50 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ.
- ಬ್ಯಾಂಕ್, ಪಾವತಿ ಸಂಸ್ಥೆ: ಇಂಥ ಆಟಕ್ಕೆ ಹಣ ದಾಟಿಸಕೂಡದು. ಶಿಕ್ಷೆ ಒದಗಿಸುವವರಿಗಿರುವಷ್ಟೇ.
- ಆಡುವವರು: ಬರೀ ಆಡಿದ್ದಕ್ಕೆ ಶಿಕ್ಷೆಯ ಸಾಲು ಇಲ್ಲ.

ನಾಲ್ಕನೇ ಸಾಲು ಖಾಲಿ ಉಳಿದದ್ದೇ ಓದುಗರಿಗೆ ಬೇಕಾದ ಉತ್ತರ. ಹೀಗಾಗಿ ಪಟ್ಟಿಯಲ್ಲಿ ‘ಸಾಮಾನ್ಯ ನಾಗರಿಕ’ ಎಂಬ ಸಾಲನ್ನು ನೀವೇ ಸೇರಿಸಿ, ತುಂಬಲು ಏನಾದರೂ ಸಿಗುತ್ತದೆಯೇ ಹುಡುಕಿ. ಕೆಲವೊಮ್ಮೆ ಸಿಗುತ್ತದೆ. ಕಂಪನಿಗಳಿಗೆ 250 ಕೋಟಿ ರೂಪಾಯಿವರೆಗೆ ದಂಡ ಹಾಕುವ ದತ್ತಾಂಶ ಕಾಯ್ದೆಯಲ್ಲಿ ನಾಗರಿಕರಿಗೂ ಕೆಲವು ಕರ್ತವ್ಯಗಳಿವೆ. ಸುಳ್ಳು ದೂರು ಕೊಡದಿರುವುದು ಅವುಗಳಲ್ಲೊಂದು. ತಪ್ಪಿದರೆ 10,000 ರೂಪಾಯಿವರೆಗೆ ದಂಡ. ದೊಡ್ಡ ಅಂಕಿ ಶೀರ್ಷಿಕೆಗೆ ಹೋಯಿತು, ಚಿಕ್ಕದು ಯಾರ ಕಣ್ಣಿಗೂ ಬೀಳಲಿಲ್ಲ.

ದಂಡ ಕಂಡಾಗ ಅದು ಯಾರಿಗೆ ಸೇರುತ್ತದೆ ಎಂದೂ ನೋಡಿ. ಅದೇ ಕಾಯ್ದೆಯಲ್ಲಿ ದಂಡದ ಹಣ ಭಾರತದ ಸಂಚಿತ ನಿಧಿಗೆ, ಅಂದರೆ ಸರ್ಕಾರದ ಬೊಕ್ಕಸಕ್ಕೆ ಹೋಗುತ್ತದೆ, ಮಾಹಿತಿ ಸೋರಿಹೋದವರ ಕೈಗಲ್ಲ. ‘ಪರಿಹಾರ’ ಮತ್ತು ‘ದಂಡ’ ಎರಡನ್ನೂ ಅದಲುಬದಲು ಬಳಸುವ ವಿವರಣೆ ಓದುಗರಿಗೆ ಇಲ್ಲದ ಆಸೆ ಹುಟ್ಟಿಸುತ್ತದೆ.

## ಹಂತ 7: ಅರ್ಥ ತಿರುಗಿಸುವ ಸಣ್ಣ ಪದಗಳು

‘ಮತ್ತು’. ಷರತ್ತುಗಳ ನಡುವೆ ‘ಮತ್ತು’ ಇದ್ದರೆ ಎಲ್ಲವೂ ಕೂಡಿದಾಗ ಮಾತ್ರ ಅಪರಾಧ. ನ್ಯಾಯ ಸಂಹಿತೆಯ 106(2)ರಲ್ಲಿ ಮೂರು ಕೂಡಬೇಕು: ಅಜಾಗರೂಕ ಚಾಲನೆಯಿಂದ ಸಾವು ಆಗಿರಬೇಕು, ಚಾಲಕ ಪರಾರಿಯಾಗಿರಬೇಕು, ಘಟನೆಯ ಬೆನ್ನಲ್ಲೇ ಪೊಲೀಸರಿಗೋ ಮ್ಯಾಜಿಸ್ಟ್ರೇಟರಿಗೋ ತಿಳಿಸದಿರಬೇಕು. ‘ಅಪಘಾತವಾದರೆ 10 ವರ್ಷ ಜೈಲು, 7 ಲಕ್ಷ ದಂಡ’ ಎಂದು ಹರಡಿದ ಮಾತಿನಲ್ಲಿ ಎರಡು ಷರತ್ತು ಮಾಯವಾಗಿದ್ದವು. ದಂಡದ ಮೊತ್ತವಂತೂ ಕಲಮಿನಲ್ಲಿ ಇಲ್ಲವೇ ಇಲ್ಲ.

‘ವಿಸ್ತರಿಸಬಹುದಾದ’ ಮತ್ತು ‘ಕಡಿಮೆಯಲ್ಲದ’. ಮೊದಲನೆಯದು ಮೇಲಿನ ಮಿತಿ, ನ್ಯಾಯಾಧೀಶರು ಎಷ್ಟಾದರೂ ಕಡಿಮೆ ಕೊಡಬಹುದು. ಎರಡನೆಯದು ಕೆಳಗಿನ ಮಿತಿ, ಅದಕ್ಕಿಂತ ಕಡಿಮೆ ಕೊಡುವಂತಿಲ್ಲ. ಗೇಮಿಂಗ್ ಕಾಯ್ದೆಯಲ್ಲಿ ಮೊದಲ ಸಲಕ್ಕೆ ‘3 ವರ್ಷದವರೆಗೆ’, ಮತ್ತೆ ಅದೇ ತಪ್ಪು ಮಾಡಿ ಸಿಕ್ಕರೆ ‘3 ವರ್ಷಕ್ಕೆ ಕಡಿಮೆಯಲ್ಲದ’. ಅದೇ 3, ಅರ್ಥ ತಲೆಕೆಳಗು.

‘ಪರಂತು’. ಇದರ ಮುಂದಿನ ವಾಕ್ಯ ಹಿಂದಿನ ವಾಕ್ಯದಿಂದ ಒಂದು ತುಂಡನ್ನು ಕಿತ್ತುಕೊಳ್ಳುತ್ತದೆ. ‘ಪರಂತು’ ಬಂದಲ್ಲೆಲ್ಲ ನಿಮ್ಮ ವಿವರಣೆಯಲ್ಲಿ ‘ಆದರೆ’ ಇರಲೇಬೇಕು.

‘ಏನೇ ಇದ್ದರೂ’ ಎಂದರೆ ಈ ಕಲಂ ಮೇಲುಗೈ. ‘ಒಳಪಟ್ಟು’ ಎಂದರೆ ಬೇರೊಂದು ಕಲಂ ಮೇಲುಗೈ. ಎರಡನೆಯದು ಕಂಡರೆ ಆ ಬೇರೊಂದು ಕಲಮನ್ನು ತೆರೆಯದೆ ಮುಂದೆ ಹೋಗಬೇಡಿ.

‘ನಿಯಮಿಸಬಹುದಾದಂತೆ’. ಈ ಪದ ಇದ್ದಲ್ಲಿ ವಿವರ ಇನ್ನೂ ಹುಟ್ಟಿಲ್ಲ. ದತ್ತಾಂಶ ಮಸೂದೆ ಮಕ್ಕಳ ವಿಷಯದಲ್ಲಿ ‘ಪರಿಶೀಲಿಸಬಹುದಾದ ಒಪ್ಪಿಗೆ’ ಬೇಕೆಂದಿತು. ಪರಿಶೀಲಿಸುವುದು ಹೇಗೆ ಎಂಬುದನ್ನು ನಿಯಮಕ್ಕೆ ಬಿಟ್ಟಿತು. ಎರಡು ವರ್ಷಕ್ಕೂ ಹೆಚ್ಚು ಕಾಲ ಅದಕ್ಕೆ ಉತ್ತರ ಇರಲಿಲ್ಲ. ಅಷ್ಟರಲ್ಲಿ ‘ಆಧಾರ್ ಕಡ್ಡಾಯ’ ಎಂದು ಬರೆದವರು ಊಹೆಯನ್ನು ಕಾನೂನೆಂದು ಹಂಚಿದರು.

ಇಂಗ್ಲಿಷ್ ಪಠ್ಯದ ‘ಶಲ್’ ಎಂದರೆ ಮಾಡಲೇಬೇಕು, ‘ಮೇ’ ಎಂದರೆ ಮಾಡಬಹುದು. ‘ಸರ್ಕಾರ ಮೇಲ್ಮನವಿ ಸಮಿತಿ ರಚಿಸಬಹುದು’ ಎಂಬುದನ್ನು ‘ರಚಿಸಲಿದೆ’ ಎಂದು ಬರೆಯಬೇಡಿ. ಪತ್ರಿಕಾ ಕನ್ನಡದಲ್ಲಿ ಅತಿ ಸಾಮಾನ್ಯವಾದ ತಪ್ಪು ಇದು.

## ಹಂತ 8: ಕನ್ನಡದಲ್ಲಿ ಬರೆಯುವುದು

ಕಾನೂನು ಕನ್ನಡವೂ ಜನರ ಕನ್ನಡವೂ ಒಂದೇ ಅಲ್ಲ. ಅಧಿಕೃತ ಅನುವಾದಗಳಲ್ಲಿ ಸೆಕ್ಷನ್‌ಗೆ ‘ಪ್ರಕರಣ’ ಎನ್ನುತ್ತಾರೆ. ಓದುಗರಿಗೆ ಪ್ರಕರಣ ಎಂದರೆ ಠಾಣೆಯಲ್ಲಿ ದಾಖಲಾಗುವ ಕೇಸು. ‘106ನೇ ಪ್ರಕರಣದ ಪ್ರಕಾರ’ ಎಂದರೆ 106ನೇ ಕೇಸು ಯಾವುದು ಎಂದು ಕೇಳುತ್ತಾರೆ. ‘ಕಲಂ’ ಅಥವಾ ‘ಸೆಕ್ಷನ್’ ಎಂದೇ ಬರೆಯಿರಿ. ‘ಅಧಿನಿಯಮ’ದ ಬದಲು ‘ಕಾಯ್ದೆ’, ‘ವಿಧೇಯಕ’ದ ಬದಲು ‘ಮಸೂದೆ’, ‘ಅಧ್ಯಾದೇಶ’ದ ಬದಲು ‘ಸುಗ್ರೀವಾಜ್ಞೆ’. ‘ಸಂಜ್ಞೇಯ ಅಪರಾಧ’ ಎಂದು ಬಿಟ್ಟರೆ ಯಾರಿಗೂ ಮುಟ್ಟದು. ‘ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದಾದ ಅಪರಾಧ’ ಎಂದು ಬಿಡಿಸಿ. ‘ಜಾಮೀನುರಹಿತ’ ಎಂದರೆ ಜಾಮೀನು ಸಿಗುವುದೇ ಇಲ್ಲ ಎಂದು ಹೆಚ್ಚಿನವರು ತಿಳಿದಿದ್ದಾರೆ. ಠಾಣೆಯಲ್ಲಿ ಹಕ್ಕಾಗಿ ಸಿಗುವುದಿಲ್ಲ, ನ್ಯಾಯಾಲಯ ಕೊಡಬಹುದು ಎಂಬ ಅರ್ಧ ಸಾಲು ಸೇರಿಸಿ.

ಸರಳಗೊಳಿಸುವುದೆಂದರೆ ಷರತ್ತು ಕಿತ್ತುಹಾಕುವುದಲ್ಲ. ಉದ್ದ ವಾಕ್ಯವನ್ನು ತುಂಡು ಮಾಡಿ, ಷರತ್ತನ್ನು ಉಳಿಸಿಕೊಳ್ಳಿ. ಕರ್ತೃವನ್ನು ವಾಕ್ಯದ ಮೊದಲಿಗೆ ತನ್ನಿ. ‘ಮಾಡಲಾಗುವುದು’, ‘ವಿಧಿಸಲಾಗುತ್ತದೆ’ ಎಂಬ ಕರ್ಮಣಿ ಪ್ರಯೋಗದಲ್ಲಿ ಮಾಡುವವರು ಯಾರೆಂಬುದೇ ಮರೆಯಾಗುತ್ತದೆ. ಒಂದು ಮಾದರಿ:

ಕಾನೂನು ಶೈಲಿ: ‘ದತ್ತಾಂಶ ವಿಶ್ವಾಸಧಾರಿಯು ತನ್ನ ಸ್ವಾಧೀನದಲ್ಲಿರುವ ಅಥವಾ ತನ್ನ ನಿಯಂತ್ರಣದಲ್ಲಿರುವ ವೈಯಕ್ತಿಕ ದತ್ತಾಂಶದ ಉಲ್ಲಂಘನೆಯನ್ನು ತಡೆಯಲು ಸಮಂಜಸ ಭದ್ರತಾ ಕ್ರಮಗಳನ್ನು ಕೈಗೊಂಡು ಅದನ್ನು ಸಂರಕ್ಷಿಸತಕ್ಕದ್ದು.’

ಜನರ ಕನ್ನಡ: ‘ನಿಮ್ಮ ಮಾಹಿತಿಯನ್ನು ಯಾಕೆ, ಹೇಗೆ ಬಳಸಬೇಕೆಂದು ತೀರ್ಮಾನಿಸುವ ಸಂಸ್ಥೆ ಆ ಮಾಹಿತಿ ಸೋರದಂತೆ ನೋಡಿಕೊಳ್ಳಬೇಕು. ಅದಕ್ಕಾಗಿ ಸಮಂಜಸವಾದ ಭದ್ರತೆ ಇಡಬೇಕು. ಇಡದಿದ್ದರೆ 250 ಕೋಟಿ ರೂಪಾಯಿವರೆಗೆ ದಂಡ.’

‘ಸಮಂಜಸ’ ಎಂಬ ಪದ ಉಳಿದಿದೆ, ಗಮನಿಸಿ. ಎಷ್ಟು ಭದ್ರತೆ ಸಾಕು ಎಂಬ ವಾದ ಮುಂದೆ ನಡೆಯುವುದು ಅದರ ಮೇಲೆ. ಅದನ್ನು ‘ಪೂರ್ಣ ಭದ್ರತೆ’ ಎಂದು ಬದಲಿಸಿದರೆ ವಾಕ್ಯ ಚೆಂದವಾಗುತ್ತದೆ, ಸುಳ್ಳಾಗುತ್ತದೆ.

ಎರಡು ಪುಟವನ್ನು ಹೀಗೆ ಹಂಚಿ: ಯಾವ ಕಾಗದ, ಯಾವ ದಿನಾಂಕ, ಈಗ ಯಾವ ಹಂತ (2 ಸಾಲು), ಈಗಿನ ಕಾನೂನು ಏನು (1 ಪ್ಯಾರಾ), ಏನು ಬದಲಾಗುತ್ತದೆ (ಕ್ರಿಯಾಪದ ಪಟ್ಟಿಯಿಂದ 5ರಿಂದ 7 ಅಂಶ, ಪ್ರತಿಯೊಂದಕ್ಕೂ ಕಲಂ ಸಂಖ್ಯೆ), ಏನು ಬದಲಾಗುವುದಿಲ್ಲ, ಇನ್ನೂ ಗೊತ್ತಿಲ್ಲ. ನಿಮ್ಮ ಅಭಿಪ್ರಾಯ ಬರೆಯಲೇಬೇಕಿದ್ದರೆ ಗೆರೆ ಎಳೆದು ಕೆಳಗೆ, ಬೇರೆ ತಲೆಬರಹದಲ್ಲಿ. ‘ಏನು ಬದಲಾಗುವುದಿಲ್ಲ’ ಎಂಬ ಭಾಗ ಬೇಸರದ್ದು ಎಂದು ಬಿಡಬೇಡಿ. ವದಂತಿಗೆ ಮದ್ದು ಅದೇ.

ದಂಡದ ಮೊತ್ತದ ಬಗ್ಗೆ ಒಂದು ಮಾತು. ಕೇಂದ್ರದ ಮಸೂದೆಯಲ್ಲಿ ಇರುವ ಅಂಕಿಯೇ ರಸ್ತೆಯಲ್ಲಿ ಕಟ್ಟುವ ಅಂಕಿ ಆಗಬೇಕಿಲ್ಲ. 2019ರ ಮೋಟಾರು ವಾಹನ ತಿದ್ದುಪಡಿಯ ನಂತರ ಕರ್ನಾಟಕ ಸೇರಿ ಹಲವು ರಾಜ್ಯಗಳು ಸ್ಥಳದಲ್ಲೇ ಕಟ್ಟುವ ಹಲವು ದಂಡಗಳನ್ನು ಇಳಿಸಿದವು. ರಾಜ್ಯಗಳಿಗೆ ಆ ಅಧಿಕಾರ ಮೂಲ ಕಾಯ್ದೆಯ 200ನೇ ಕಲಮಿನಲ್ಲಿ ಮೊದಲೇ ಇತ್ತು.

## ಹಂತ 9: ಓದಿಸಿ ನೋಡಿ

ಕರಡನ್ನು ಆ ವಿಷಯ ಗೊತ್ತಿಲ್ಲದ ಇಬ್ಬರಿಗೆ ಕೊಡಿ. ‘ಅರ್ಥವಾಯಿತೇ’ ಎಂದು ಕೇಳಬೇಡಿ, ಎಲ್ಲರೂ ಹೌದು ಎನ್ನುತ್ತಾರೆ. ಕಾಗದ ವಾಪಸು ಪಡೆದು ಮೂರು ಪ್ರಶ್ನೆ ಕೇಳಿ: ಇದು ಇವತ್ತು ಜಾರಿಯಲ್ಲಿದೆಯೇ? ಇದರಿಂದ ನೀವು ಹೊಸದಾಗಿ ಏನು ಮಾಡಬೇಕು? ಮಾಡದಿದ್ದರೆ ಗರಿಷ್ಠ ಏನಾಗಬಹುದು? ಇಬ್ಬರೂ ಒಂದೇ ಪ್ರಶ್ನೆಗೆ ತಪ್ಪು ಉತ್ತರ ಕೊಟ್ಟರೆ ತಪ್ಪು ನಿಮ್ಮ ಬರಹದ್ದು. ಮೊದಲ ಪ್ರಶ್ನೆಗೇ ಹೆಚ್ಚಿನವರು ತಪ್ಪುವುದರಿಂದ ‘ಇದು ಇನ್ನೂ ಕಾನೂನಾಗಿಲ್ಲ’ ಎಂಬ ಸಾಲನ್ನು ಮೇಲೂ ಕೆಳಗೂ ಎರಡು ಕಡೆ ಹಾಕುವುದು ವಾಸಿ.

## ಹಂತ 10: ಅಭಿಪ್ರಾಯ ಕಳಿಸುವುದು, ವಿವರಣೆ ತಿದ್ದುವುದು

2014ರ ಶಾಸನಪೂರ್ವ ಸಮಾಲೋಚನಾ ನೀತಿಯ ಪ್ರಕಾರ ಸಚಿವಾಲಯಗಳು ಕರಡನ್ನು ಕನಿಷ್ಠ 30 ದಿನ ಜನರ ಮುಂದಿಡಬೇಕು. ನೀತಿಗೆ ಕಾನೂನಿನ ಬಲ ಇಲ್ಲ, ಹಲವು ಮಸೂದೆಗಳು ಈ ಹಂತ ಹಾರಿ ಬರುತ್ತವೆ. ಸಂಸದೀಯ ಸಮಿತಿಗೆ ಹೋದ ಮಸೂದೆಯಾದರೆ ಸಮಿತಿ ಜಾಹೀರಾತು ಕೊಟ್ಟು ಸಲಹೆ ಕೇಳಬಹುದು. ಗಡುವು ಚಿಕ್ಕದು, ಎರಡು ವಾರದ ಆಸುಪಾಸು. ಸಲಹೆಯನ್ನು ಸಾಮಾನ್ಯವಾಗಿ ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಕೇಳುತ್ತಾರೆ. ಹಾಗಾಗಿ ಕನ್ನಡ ವಿವರಣೆ ಹಂಚುವಾಗ ಗಡುವಿನ ದಿನಾಂಕವನ್ನೂ ಇಂಗ್ಲಿಷಿನಲ್ಲಿ ಬರೆದ ಒಂದು ಪುಟದ ಮಾದರಿ ಪತ್ರವನ್ನೂ ಜೊತೆಗಿಡಿ. ಪತ್ರದಲ್ಲಿ ಕಲಂ ಸಂಖ್ಯೆ, ಈಗಿರುವ ಪದ, ನೀವು ಬಯಸುವ ಪದ, ಕಾರಣ, ಈ ನಾಲ್ಕೇ ಇರಲಿ. ‘ಈ ಮಸೂದೆ ಜನವಿರೋಧಿ’ ಎಂಬ ಮೂರು ಪುಟದ ಪತ್ರದಿಂದ ಸಮಿತಿಗೆ ತಿದ್ದಲು ಏನೂ ಸಿಗದು.

ಮಸೂದೆ ಸಮಿತಿಯಿಂದ ಬಂದಾಗ, ಅಂಗೀಕಾರವಾದಾಗ, ಅಧಿಸೂಚನೆ ಹೊರಬಿದ್ದಾಗ, ಈ ಮೂರು ಸಲ ವಿವರಣೆಯನ್ನು ಹೊಸ ಪಠ್ಯದೊಂದಿಗೆ ತಾಳೆ ನೋಡಿ. ಲೋಕಸಭೆ ವಿಸರ್ಜನೆಯಾದರೆ ಅಲ್ಲಿ ಬಾಕಿ ಇದ್ದ ಮಸೂದೆ ಬಿದ್ದುಹೋಗುತ್ತದೆ; ರಾಜ್ಯಸಭೆಯಲ್ಲೇ ಮಂಡನೆಯಾಗಿ ಲೋಕಸಭೆಗೆ ಇನ್ನೂ ಬಾರದ್ದು ಉಳಿಯುತ್ತದೆ. ಹಳೆಯ ಆವೃತ್ತಿಯನ್ನು ಅಳಿಸಬೇಡಿ. ಅದರ ನೆತ್ತಿಯ ಮೇಲೆ ‘ಹಳೆಯದು, ಹೊಸ ಆವೃತ್ತಿ ಇಂಥ ದಿನಾಂಕದ್ದು’ ಎಂದು ಬರೆದು ಮತ್ತೆ ಅದೇ ಗುಂಪುಗಳಿಗೆ ಕಳಿಸಿ, ಏಕೆಂದರೆ ಮೊದಲ ಪ್ರತಿ ಇನ್ನೂ ಅಲ್ಲೇ ಸುತ್ತುತ್ತಿರುತ್ತದೆ.